ಉಳಿದ ಎಂಟು ಮಾತ್ರೆ

"ಇವತ್ತಾದ್ರೂ ರಕ್ತ ತಗೊಳ್ಳಿ ಅಕ್ಕಾ," ಎಂದು ದರ್ಜಿ ಹೆಂಗಸು ತೋಳು ಚಾಚಿ ಮೇಜಿನ ಮೇಲಿಟ್ಟಳು. ಒಂಬತ್ತು ತಿಂಗಳಲ್ಲಿ ತನ್ನ ರವಿಕೆಯನ್ನು ತಾನೇ ಮೂರು ಸಲ ಒಳಹಿಡಿದು ಹೊಲಿದಿದ್ದಳು. ಆದರೂ ಅದು ಅವಳ ಮೈಮೇಲೆ ಇನ್ನೊಬ್ಬರದೆಂಬಂತೆ ನೇತಾಡುತ್ತಿತ್ತು.

ಎಚ್‌ಐವಿ ಚಿಕಿತ್ಸಾ ಕೇಂದ್ರದ ಆಪ್ತಸಲಹೆಗಾರ್ತಿ ಅವಳ ಕಡತ ಬಿಡಿಸಿದಳು. ಮೂಲೆಯಲ್ಲಿ ಪೆನ್ಸಿಲಿನ ಚುಕ್ಕೆ. ಇಟ್ಟವಳು ತಾನೇ. ಚುಕ್ಕೆಯವರೆಂದರೆ ಮಾತ್ರೆ ಸರಿಯಾಗಿ ನುಂಗದವರು. ಅವರ ರಕ್ತ ಪರೀಕ್ಷೆಗೆ ಹೋದರೆ ವೈರಸ್ ಹೆಚ್ಚಿದೆ ಎಂದೇ ಬರುತ್ತದೆ, ಕೇಂದ್ರದ ಯಶಸ್ಸಿನ ಅಂಕಿ ಇಳಿಯುತ್ತದೆ. ಆದ್ದರಿಂದ ಅವರಿಗೆಲ್ಲ "ಮುಂದಿನ ಸಲ". ಪರೀಕ್ಷೆಗೆ ಹೋದವರಲ್ಲಿ ಎಷ್ಟು ಜನ ಪಾಸು ಎಂದು ಮೇಲಿನವರು ಕೇಳುತ್ತಿದ್ದರೇ ಹೊರತು, ಹೋಗದವರ ಸುದ್ದಿ ಎತ್ತುತ್ತಿರಲಿಲ್ಲ.

ರಕ್ತ ತೆಗೆಯುವ ಲ್ಯಾಬಿನವನು ಬಾಗಿಲಿಗೆ ಒರಗಿ, ಎಲ್ಲರೂ "ಶೇಕಡಾ ಸಾಹೇಬರು" ಎನ್ನುತ್ತಿದ್ದ ಮೇಲಧಿಕಾರಿಯ ಹಾಗೆ ಮೂಗಿನಲ್ಲೇ ರಾಗ ಎಳೆದ: "ತೊಂಬತ್ತಾರು ಬಂತು ಅಂತ ಹಿಗ್ಗಬೇಡ್ರೀ ಮೇಡಂ! ಪಕ್ಕದ ಕೇಂದ್ರದೋರು ತೊಂಬತ್ತೇಳು! ಅವರಿಗೇನು ಎರಡು ಕೊಂಬಿದ್ಯಾ?"

ದರ್ಜಿಗೂ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಸಲಹೆಗಾರ್ತಿ ನೀರು ಕೊಟ್ಟಳು.

"ಮಾತ್ರೆ ಬಿಟ್ಟುಬಿಟ್ಟು ನುಂಗಿದ್ರೆ ಪರೀಕ್ಷೆ ಮಾಡಿ ಏನು ಬಂತಮ್ಮಾ?"

"ಬಿಟ್ಟಿಲ್ಲ ಅಂತ ಇನ್ನೆಷ್ಟು ಸಲ ಬಾಯಿ ಬಡ್ಕೊಳ್ಳಲಿ?"

"ಮತ್ತೆ ಆವತ್ತು ಡಬ್ಬೀಲಿ ಎಂಟು ಉಳಿದಿತ್ತಲ್ಲ?"

"ಉಳೀದೆ ಇನ್ನೇನು? ಶಾಲೆ ಸಮವಸ್ತ್ರ ಹೊಲಿಯೋದಿತ್ತು, ಆ ಸಲ ಎಂಟು ದಿನ ಮುಂಚೆ ಬಂದಿದ್ದೆ. ದಿನಕ್ಕೊಂದು ಮಾತ್ರೆ. ಅಳತೆ ಹಾಕಿ ಬದುಕೋಳು ನಾನು, ಅಷ್ಟು ಲೆಕ್ಕ ಬರಲ್ವಾ?"

ಸಲಹೆಗಾರ್ತಿ ಹಾಳೆ ಹಿಂದಕ್ಕೆ ತಿರುವಿದಳು. ಬರಬೇಕಿದ್ದ ತಾರೀಖು ಇಪ್ಪತ್ನಾಲ್ಕು. ಬಂದದ್ದು ಹದಿನಾರು. ಅವಳ ಬೆರಳು ಅಲ್ಲೇ ನಿಂತಿತು. ಇವಳು ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ಮಾತ್ರೆಯೇ ಇವಳ ಮೈಯಲ್ಲಿ ನಾಟುತ್ತಿಲ್ಲ. ಪರೀಕ್ಷೆಯ ವರದಿಯಿಲ್ಲದೆ ವೈದ್ಯರು ಬೇರೆ ಔಷಧಿ ಬರೆಯುವಂತಿಲ್ಲ. ಕೆಳಗೆ ತೂಕದ ಸಾಲು: ಐವತ್ತೆರಡು, ನಲವತ್ತೇಳು, ನಲವತ್ತೊಂದು.

"ಸ್ಯಾಂಪಲ್ ಒಯ್ಯೋ ಗಾಡಿ ಹೊರಟಿಲ್ಲ ತಾನೆ? ಇವರದ್ದೂ ತಗೋ."

ಲ್ಯಾಬಿನವನು ತನ್ನದೇ ದನಿಯಲ್ಲಿ, ತಗ್ಗಿ ಹೇಳಿದ: "ಮೇಡಂ, ಚುಕ್ಕೆಯವರನ್ನ ಕಳಿಸೋಕೆ ಶುರು ಮಾಡಿದ್ರೆ ಒಬ್ಬರಿಗೆ ನಿಲ್ಲುತ್ತಾ? ಅಂಕಿ ಇಳಿದ್ರೆ ನಿಮ್ಮ ಗುತ್ತಿಗೆ ಮುಂದುವರಿಸಲ್ಲ ಅಂದಿದ್ದಾರೆ."

"ತಗೋ ಅಂದೆ."

ನರ ಸಿಗಲಿಲ್ಲ. ಎರಡು ಕಡೆ ಚುಚ್ಚಿ, ಮೂರನೆಯದಕ್ಕೆ ಕೊಳವೆಯೊಳಗೆ ರಕ್ತ ನಿಧಾನ ಏರಿತು. ಅವನು ಚೀಟಿ ಅಂಟಿಸಿಕೊಂಡು ಗಾಡಿಯತ್ತ ಓಡಿದ.

"ತಪ್ಪು ನಂದೇ," ಎಂದಳು ಸಲಹೆಗಾರ್ತಿ. "ಮಾತ್ರೆ ಎಣಿಸಿದೆ, ತಾರೀಖು ನೋಡ್ಲಿಲ್ಲ."

ದರ್ಜಿ ಅವಳ ಮುಖವನ್ನೇ ನೋಡಿದಳು. "ರಿಪೋರ್ಟು ಯಾವಾಗ?"

"ಇಪ್ಪತ್ತು ದಿನ ಆಗುತ್ತೆ."

"ಅಲ್ಲೀತನಕ ಇದೇ ಮಾತ್ರೆನಾ?"

"ಇದೇ."

ಹೊರಗೆ ಗಾಡಿ ಹೊರಟ ಸದ್ದು ಕೇಳಿತು. ರಕ್ತ ನಿಂತು ಎಷ್ಟೋ ಹೊತ್ತಾಗಿದ್ದರೂ ದರ್ಜಿ ಮೊಣಕೈ ಮಡಿಕೆಯ ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕುಳಿತಿದ್ದಳು.