ಸೊಂಟದ ಕೆಳಗಿಳಿಯದ ಕೈ

ನೋಡಿ ಈ ಕೈ, ಇಡೀ ರಾಯದುರ್ಗದಲ್ಲಿ ಇದಕ್ಕಿಂತ ಶುದ್ಧವಾದ ಕೈ ಇದ್ದರೆ ನನ್ನ ಹೆಸರು ಮಾರೇಶನೇ ಅಲ್ಲ, ಉಗುರಿನ ಸಂದಿಯಿಂದ ಮೊಣಕೈವರೆಗೆ ತಿಕ್ಕಿ, ನಲ್ಲಿಯನ್ನು ಮೊಣಕೈಯಲ್ಲೇ ನಿಲ್ಲಿಸಿ, ಆಪರೇಷನ್ ಕೋಣೆಯ ಬಾಗಿಲನ್ನು ಬೆನ್ನಿನಿಂದ ನೂಕಿ, ತೊಳೆದ ಕೈ ಸೊಂಟದ ಕೆಳಗಿಳಿಯಬಾರದು, ಏನನ್ನೂ ಮುಟ್ಟಬಾರದು, ಎರಡೂ ಕೈ ಎದೆಮಟ್ಟಕ್ಕೆ ಎತ್ತಿಕೊಂಡೇ ಒಳಗೆ — ಎಂಟ್ರಿ ಅಂದ್ರೆ ಇದು, ಮ್ಯೂಸಿಕ್ ಒಂದೇ ಕಮ್ಮಿ — ಗೌನು, ಗ್ಲೌಸು, ಪರದೆಯಾಚೆಯಿಂದ ಕೊಟ್ರಮ್ಮ, ಏ ಹೀರೋ, ಹೊಟ್ಟಿ ಕೊಯ್ಯಾಕ ಬಂದೀಯೋ ಪಿಚ್ಚರ್ ತೋರ್ಸಾಕ ಬಂದೀಯೋ, ಜೀನ್ಸ್ ಹೊಲಿಯುವವಳು, ಗರ್ಭಕೋಶದಲ್ಲಿ ಗಡ್ಡೆ, ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆಲ್ಲ ಮರಗಟ್ಟಿದೆ, ಬಾಯಿ ಮರಗಟ್ಟಿಲ್ಲ, ಎರಡೂ ಅಕ್ಕ, ಟಿಕೆಟ್ ಒಂದೇ, ಅಂದೆ, ಹೆದರಿದವಳು ನಕ್ಕಳು, ಅಷ್ಟಕ್ಕೆ ಸುಮ್ಮನಿರಬಾರದಿತ್ತೇ, ಒಂದು ಗಿರಕಿ ಹೊಡೆದೆ, ಅವಳ ತಲೆಯ ಬಳಿ ಕೂತಿದ್ದ ಮತ್ತಿನ ಡಾಕ್ಟರ್ ಬಾಲರಾಜು ಸಾರ್ ಕಾಲಿಗೆ ನನ್ನ ಕಾಲು ತಾಗಿತು, ಹಿರಿಯರಿಗೆ ಕಾಲು ತಾಗಿದ್ರ ಮುಟ್ಟಿ ಕಣ್ಣಿಗೊತ್ತಿಕೊಳ್ಳೋ ಭಾಡ್ಯಾ, ಅವ್ವ ನೆತ್ತಿಗೆ ಕುಟ್ಟಿ ಕುಟ್ಟಿ ಕಲಿಸಿದ್ದು, ಬಗ್ಗಿತು ಮೈ, ಮುಟ್ಟಿತು ಕೈ, ಕಣ್ಣಿಗೊತ್ತಿತು — ಯಾರೂ ನೋಡಲಿಲ್ಲ, ಸಾರ್ ಕಣ್ಣು ಮಾನಿಟರಿನ ಮೇಲೆ, ಆಪರೇಷನ್ ಮಾಡುವ ತ್ರಿವೇಣಿ ಮೇಡಂ ಕೊಟ್ರಮ್ಮನ ಹೊಟ್ಟೆಗೆ ಕಂದು ಔಷಧ ಬಳಿಯುತ್ತಿದ್ದಾರೆ, ನನ್ನ ಬಿಳಿ ಗ್ಲೌಸಿನ ಬೆರಳತುದಿಯಲ್ಲಿ ಒಂದು ರೆಪ್ಪೆಗೂದಲು, ನಾನೊಬ್ಬನೇ ನೋಡುತ್ತಿದ್ದೇನೆ, ನೋಡುತ್ತಲೇ ಮೇಡಂಗೆ ಎತ್ತಿಕೊಡಬೇಕಾದ ಕತ್ತರಿ ಜೋಡಿಸುತ್ತಿದ್ದೇನೆ, ಹೇಳಬೇಕು, ಹೇಳಿದರೆ — ಇನ್ನೊಮ್ಮೆ ಮಂಗಾಟ ಆಡಿದ್ರ ಸೀದಾ ಮನಿಗೆ, ಮೇಡಂ ನಿನ್ನೆಯೇ ಎಲ್ಲರೆದುರು ಉಗಿದಾಗಿದೆ, ಆಮೇಲೆ ಮತ್ತೆ ಓಬಳಾಪುರದ ಗಣಿ ಲಾರಿ, ಕೆಂಪು ಧೂಳು, ಕ್ಲೀನರ್ ಮಾರೇಶ — ಹೇಳದಿದ್ದರೆ ಅಂಜಿನಿಯ ಗತಿ ಇವಳಿಗೂ, ಹೋದ ತಿಂಗಳು ಇದೇ ಟೇಬಲ್ಲಿನ ಮೇಲೆ ಮಲಗಿದ್ದವನು, ಹೊಲಿಗೆ ಬಿಚ್ಚಿ ಕೀವು, ಆ ವಾಸನೆ, ಬಳ್ಳಾರಿಗೆ ಸಾಗಿಸುವಾಗ ಅವನ ಹೆಂಡತಿ ನನ್ನನ್ನೇ ಕೇಳಿದಳು, ಏನಾತಪ್ಪ ಇವರಿಗೆ, ಯಾರಿಗೂ ಗೊತ್ತಿಲ್ಲಕ್ಕ ಅಂದೆ, ಎಂಥ ಹಾಯಾದ ಮಾತು, ಯಾರಿಗೂ ಗೊತ್ತಿಲ್ಲ, ಇವತ್ತೂ ಯಾರಿಗೂ ಗೊತ್ತಿರುವುದಿಲ್ಲ, ರೆಪ್ಪೆಗೂದಲು, ಬ್ಲೇಡ್ ಕೊಡು, ಮೇಡಂ ಕೈ ಚಾಚಿದ್ದಾರೆ, ಕೊಡೋ, ನಿದ್ದಿ ಮಾಡ್ತೀಯೇನು, ಮೇಡಂ ನನ್ ಕೈ ಕೆಟ್ಟೈತ್ರಿ, ಮತ್ತ ಶುರು ಆತೇನೋ ನಿನ್ ನಾಟಕ, ಪರದೆಯಾಚೆ ಕೊಟ್ರಮ್ಮ ಕಿಸಕ್ಕೆಂದಳು, ಪಾಪ, ಅವಳ ಹೊಟ್ಟೆಯ ವಿಷಯ, ಅವಳೇ ನಗುತ್ತಿದ್ದಾಳೆ, ನಾಟಕ ಅಲ್ರಿ, ಸಾರ್ ಕಾಲು ಮುಟ್ಟೀನ್ರಿ, ಕಣ್ಣಿಗೊತ್ತಿಕೊಂಡೀನ್ರಿ, ಅದೇ ಕೈಲೆ ಇವನ್ನೆಲ್ಲ ಜೋಡಿಸೀನ್ರಿ — ಬೆರಳನ್ನು ದೊಡ್ಡ ದೀಪದ ಕೆಳಗೆ ಹಿಡಿದೆ, ನಗು ನಿಂತಿತು, ರೆಪ್ಪೆಗೂದಲು, ಕರಿಯದು, ಬಾಗಿದ್ದು, ನನ್ನದೇ