ಇನ್ನೂರನೆಯ ಫಾರಂ

ಇಳಿದ ಮೇಲೆ ಕೇಳಿದರಾಯಿತು ಎಂದು ಸುದರ್ಶನ್ ಅರ್ಧ ಗಂಟೆಯಿಂದ ಕಾಯುತ್ತಲೇ ಇದ್ದ. ಸೊಪ್ಪು ಮಾರುವ ಗುರುಸಿದ್ದಮ್ಮ ಇಳಿಯುವ ಹಾಗೆ ಕಾಣಲಿಲ್ಲ. ಅರಕಲಗೂಡಿನ ಪಾರ್ಕಿನಲ್ಲಿ, ಬೆಳಗಿನ ಅಷ್ಟು ಜನರ ಎದುರು, ಸೀರೆ ಎತ್ತಿ ಕಟ್ಟಿ, ವ್ಯಾಯಾಮದ ಕಬ್ಬಿಣದ ಯಂತ್ರ ಹತ್ತಿ ಗಾಳಿಯಲ್ಲಿ ನಡೆಯುತ್ತಿದ್ದಳು. ಅರವತ್ತೈದರ ಹೆಂಗಸು! ಅವನು ಬಾಯಿ ಬಿಟ್ಟುಕೊಂಡು ನೋಡಿದ.

ಅವನೋ ಮನಶ್ಶಾಸ್ತ್ರದ ಮೇಷ್ಟ್ರು. ನಾಲ್ಕು ಜನರ ಮುಂದೆ ವ್ಯಾಯಾಮ ಮಾಡಲು ಯಾರು ಎಷ್ಟು ಅಂಜುತ್ತಾರೆಂದು ಅಳೆಯುವುದೇ ಅವನ ಪಿಎಚ್‌ಡಿ. ನೂರ ತೊಂಬತ್ತೊಂಬತ್ತು ಜನರನ್ನು ಅಳೆದಾಗಿತ್ತು. ಇನ್ನು ಇವಳೊಬ್ಬಳು.

ಅಳೆಯುವವನ ಗತಿ ಕೇಳಬೇಡಿ. ಶುಗರ್ ಏರಿ ಪಾದ ಜೋಮು ಹಿಡಿಯತೊಡಗಿತ್ತು. ನಡೆಯದಿದ್ದರೆ ಕಾಲಿಗೇ ಸಂಚಕಾರ ಎಂದು ಡಾಕ್ಟರು ಗದರಿದ್ದರು. ಆದರೂ ಈ ಮಹಾರಾಯ ಬಾಗಿಲು ಹಾಕಿಕೊಂಡು ಕೋಣೆಯೊಳಗೇ ಸುತ್ತುತ್ತಿದ್ದ. ಬೀದಿಗಿಳಿದರೆ ಊರೆಲ್ಲ ತನ್ನ ಹೊಟ್ಟೆಯನ್ನೇ ನೋಡುತ್ತದಲ್ಲ!

ಕೊನೆಗೆ ಅವನೇ ಯಂತ್ರದ ಹತ್ತಿರ ಹೋದ. “ಅಮ್ಮಾ, ಒಂದೆರಡು ಪ್ರಶ್ನೆ ಇತ್ತು. ಹೆದರಿಕೆ ಅಳೆಯೋದು.”

“ಎದ್ರಿಕೇನಾ? ಸೇರ್ನಾಗೋ ಪಾವ್ನಾಗೋ ಸಾ?” ಅವಳ ಕಾಲು ನಿಲ್ಲಲಿಲ್ಲ.

“ಒಂದರಿಂದ ಐದು. ಜನ ನೋಡ್ತಾರೆ ಅಂತ ಮುಜುಗರ ಆಗುತ್ತಾ? ಐದು ಅಂದ್ರೆ ತುಂಬಾ.”

“ನೋಡ್ಲಿ ಅಂತ್ಲೇ ಅಲ್ವಾ ಬರೋದು.”

ಫಾರಂ ಮೇಲೆ ಅವನ ಪೆನ್ನು ನಿಂತಿತು.

“ಮದ್ವೆ ದಿನ ಊರೆಲ್ಲ ನನ್ನ ನೋಡಿತ್ತು ಕಣ್ ಸಾ. ಆಮ್ಯಾಕೆ ಎಲ್ರೂ ಸೊಪ್ಪಿನ ಕಟ್ಟು ನೋಡವ್ರೆ, ಅಷ್ಟೇಯ. ಇದ್ರ ಮ್ಯಾಲ್ ಅತ್ತುದ್ರೆ ಯಾರಾರಾ ಒಬ್ರು ತಿರುಗ್ತಾರೆ ಅನ್ಕಂಡೆ. ಇವತ್ತು ನೀವು ನೋಡುದ್ರಿ. ಸಾಕು ಬುಡಿ.”

ಇಳಿದು ಬುಟ್ಟಿ ಎತ್ತಿಕೊಂಡಳು. “ನೀವೂ ಇದ್ರ ಮ್ಯಾಲ್ ಅತ್ತಿ ಸಾ. ಯಾರೂ ತಿನ್ನಕಿಲ್ಲ.”

ಅವಳು ಗೇಟು ದಾಟುವವರೆಗೂ ಅವನು ನೋಡುತ್ತಲೇ ನಿಂತ. ಅಬ್ಬಾ, ಎಂಥ ಹೆಂಗಸು! ಫಾರಂನ ಐದು ಚೌಕಗಳಲ್ಲಿ ಒಂದರೊಳಗೂ ಅವಳು ಕೂರಲಿಲ್ಲ. ಆ ಹಾಳೆಯನ್ನು ಖಾಲಿಯೇ ಬೆಂಚಿನ ಮೇಲಿಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿದ.

ಆಮೇಲೆ ಹತ್ತಿದ. ಹತ್ತಿಯೇಬಿಟ್ಟ.

ಕಣ್ಣು ಮುಚ್ಚಿಕೊಂಡು ಕಾಲು ಬೀಸಿದ. ಅಂಗಿ ಮೇಲೇರಿ ಹೊಟ್ಟೆಗೆ ತಣ್ಣನೆ ಗಾಳಿ ತಾಗಿತು. ಈಗ ನಗುತ್ತಾರೆ, ಇನ್ನೇನು ನಗುತ್ತಾರೆ ಎಂದು ಕಾದ.

ನಗು ಕೇಳಿಸಲಿಲ್ಲ. ಕಣ್ಣು ಬಿಟ್ಟ.

ಎದುರು ಬೆಂಚಿನ ಇಬ್ಬರು ಪೇಪರು ಹಂಚಿಕೊಂಡು ಓದುತ್ತಿದ್ದರು. ಹುಡುಗಿಯೊಬ್ಬಳು ಮೊಬೈಲಿನಲ್ಲಿ ಮುಳುಗಿದ್ದಳು. ವಾಕಿಂಗಿನವರು ಪಕ್ಕದಲ್ಲೇ ಶುಂಠಿಯ ರೇಟು ಮಾತಾಡುತ್ತ ಹಾದುಹೋದರು. ಹಾಗಾದರೆ ಇಷ್ಟು ವರ್ಷ ತಾನು ಹೆದರಿದ್ದು ಯಾರಿಗೆ?

ಸುದರ್ಶನ್ ಕೆಮ್ಮಿದ. ಇನ್ನೊಮ್ಮೆ, ಜೋರಾಗಿ ಕೆಮ್ಮಿದ.

ಯಾರೂ ತಿರುಗಲಿಲ್ಲ. ಕಾಲುಗಳು ನೆಲ ಮುಟ್ಟದೆ ನಡೆಯುತ್ತಲೇ ಇದ್ದವು.