ಎಂಟೂ ಇಪ್ಪತ್ತರ ಬಸ್ಸು

ಡ್ರೈವರ್ ಪ್ಯೋ ಗಿಸೊಕ್ ಬಾಗಿಲು ತಳ್ಳಿಕೊಂಡು ಬಸ್ ಡಿಪೋದೊಳಗೆ ಬಂದ ಕೂಡಲೇ ಯಂಗ್‌ರಾನ್‌ಗೆ ವಾಸನೆ ಬಡಿಯಿತು. ಅವನು ಮುಖ ತೊಳೆದಿದ್ದ, ಯೂನಿಫಾರಮ್ಮಿಗೆ ಇಸ್ತ್ರಿಯಾಗಿತ್ತು, ಬಾಯಲ್ಲಿ ಪುದೀನ ಗಮ್ ಇತ್ತು. ಆದರೂ ರಾತ್ರಿ ಕುಡಿದವನ ಮೈಯಿಂದ ಬೆಳಿಗ್ಗೆ ಹೊರಡುವ ಹುಳಿವಾಸನೆಯನ್ನು ಯಾವ ಗಮ್ಮೂ ಮುಚ್ಚುವುದಿಲ್ಲ.

"ಏನಣ್ಣ, ಬೀಗರ ಊಟ ಜೋರಾಗೇ ಆಗಿರೋ ಹಾಗಿದೆ," ಎಂದಳು.

"ಕೇಳಬೇಡ ತಂಗಿ. ಅದು ಹೊಟ್ಟೆಯೋ ಹಂಡೆಯೋ, ಆ ಬೀಗರದು. ಹೆಣ್ಣು ಕೊಡೋನು ನಾನು. ಅವರು ಎರಡೂ ಕೈಲಿ ಬಾಟಲಿ ಹಿಡಿದು ಬಗ್ಗಿಸ್ತಿದ್ರೆ ಬೇಡ ಅನ್ನೋಕಾಗುತ್ತಾ? ಒಂದು ಕಡೆ ಮುಗೀತು ಅಂದ್ರೆ ಇನ್ನೊಂದು ಕಡೆ, ಒಟ್ಟು ಮೂರು ಕಡೆ ಕೂತ್ವಿ. ಕೊನೇಗೆ ನನ್ನ ತಬ್ಬಿಕೊಂಡು, ಕುಡಿಯೋಕೆ ಬರೋ ಬೀಗ ಸಿಕ್ಕಿದ, ಇನ್ನೇನು ಬೇಕು ಅಂತ ಅತ್ತೇಬಿಟ್ರು."

ಪ್ಯೋಗೆ ಇದ್ದವಳು ಒಬ್ಬಳೇ ಮಗಳು. ಹುಡುಗನ ಮನೆಯವರೂ ಇವರೂ ಮೊದಲ ಬಾರಿಗೆ ಒಟ್ಟಿಗೆ ಕೂತು ಉಂಡದ್ದು ಹಿಂದಿನ ದಿನ. ಅದಕ್ಕಾಗಿ ಅವನು ತಿಂಗಳ ಹಿಂದೆಯೇ ಸೂಟು ಹೊಲಿಸಿದ್ದು ಡಿಪೋಗೆಲ್ಲ ಗೊತ್ತಿತ್ತು.

ಯಂಗ್‌ರಾನ್ ಆ ಡಿಪೋದ ಕಂಟ್ರೋಲರ್. ಡ್ರೈವರುಗಳ ಉಸಿರು ಪರೀಕ್ಷಿಸುವುದು, ಬಸ್ಸಿನ ಕೀ ಕೊಡುವುದು, ಹೊತ್ತಿಗೆ ಸರಿಯಾಗಿ ಹೊರಡಿಸುವುದು ಅವಳ ಕೆಲಸ. ಡ್ರೈವರನ ನಂಬರ್ ಒತ್ತಿ ಊದಿದ್ದು ಮಾತ್ರ ಯಂತ್ರದಲ್ಲಿ ದಾಖಲಾಗುತ್ತಿತ್ತು. ಹಾಗಾಗಿ ನಂಬರ್ ಒತ್ತುವ ಮೊದಲು ಒಂದು ಸಲ ಸುಮ್ಮನೆ ಊದಿಸಿ ನೋಡುವುದು ಅಲ್ಲಿನ ರೂಢಿಯಾಗಿತ್ತು. ಒಂಚೂರು ಜಾಸ್ತಿ ತೋರಿಸಿದರೆ ಬಾಯಿ ಮುಕ್ಕಳಿಸಿ ಬಾ, ಒಂದು ಸುತ್ತು ನಡೆದು ಬಾ ಎನ್ನುವುದು. ರೂಢಿ ಅವಳು ಬರುವ ಮೊದಲಿನದು. ಅವಳು ಅದನ್ನು ಮುರಿದಿರಲಿಲ್ಲ.

"ಊದಿ ಅಣ್ಣ."

ಪ್ಯೋ ಗಮ್ ಉಗುಳಿ ಊದಿದ. ಸೊನ್ನೆ ಪಾಯಿಂಟ್ ಸೊನ್ನೆ ಆರು ನಾಲ್ಕು.

ಬಾಯಿ ಮುಕ್ಕಳಿಸಿ ಇಳಿಸುವ ಸಂಖ್ಯೆ ಅದಲ್ಲ. ಕಾನೂನಿನ ಗೆರೆ ಸೊನ್ನೆ ಪಾಯಿಂಟ್ ಸೊನ್ನೆ ಮೂರು, ಅದರ ಅರ್ಧಕ್ಕೂ ಕೆಳಗೆ. ಪ್ಯೋ ಎರಡು ಲೋಟ ನೀರು ಕುಡಿದು ಮತ್ತೆ ಊದಿದ. ಆರು ಮೂರು. ಇಬ್ಬರೂ ಯಂತ್ರದ ಕೆಂಪು ಅಂಕಿಗಳನ್ನೇ ನೋಡುತ್ತ ನಿಂತರು. ಕಿಟಕಿಯಾಚೆ ಎಂಟೂ ಇಪ್ಪತ್ತರ ಬಸ್ಸಿನ ಪಕ್ಕದಲ್ಲಿ ಸೊಪ್ಪಿನ ಗಂಟು, ಒಣಮೆಣಸಿನ ಚೀಲ ಇಟ್ಟುಕೊಂಡ ಮುದುಕಿಯರು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದರು. ಅಂದು ಬಮ್‌ಜೇ ಘಾಟಿಯ ಆಚೆಯ ಊರಿನಲ್ಲಿ ಸಂತೆ.

"ಅಣ್ಣ, ಇವತ್ತು ರಜೆ ಹಾಕಿ. ಜ್ವರ ಅಂತ ಬರೀತೀನಿ."

"ಬದಲಿ ಯಾರಿದ್ದಾರೆ?"

ಯಾರೂ ಇರಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಾಂಗ್ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಒಳಗೆ ಬಂದ. ಅಂಕಿ ನೋಡಿ ನಕ್ಕ.

"ಪರವಾಗಿಲ್ಲವೇ, ಬೀಗರು ಚೆನ್ನಾಗೇ ನೋಡ್ಕೊಂಡಿದ್ದಾರೆ. ಯಂಗ್‌ರಾನ್, ಇವನ ನಂಬರ್ ಹಾಕಿ ನೀನು ಊದಿಬಿಡು."

"ಸರ್, ಆರು ನಾಲ್ಕಿದೆ."

"ನಿನ್ನೆಯದು ಕಣಮ್ಮ ಅದು. ನಿದ್ದೆ ಮಾಡಿ, ಬಿಸಿ ಸಾರು ಕುಡಿದು ಬಂದಿದ್ದಾನೆ. ಮೂವತ್ತೊಂದು ವರ್ಷದಲ್ಲಿ ಇವನ ಬಸ್ಸಿಗೆ ಒಂದು ಗೀರು ಬಿದ್ದಿದೆಯಾ? ಟ್ರಿಪ್ ಕ್ಯಾನ್ಸಲ್ ಅಂತ ಆ ಮುದುಕಿಯರಿಗೆ ನಾನು ಹೇಳಲೋ, ನೀನು ಹೇಳ್ತೀಯೋ?"

ಪ್ಯೋ ಏನೂ ಕೇಳಲಿಲ್ಲ. ತಲೆ ತಗ್ಗಿಸಿ ಟೋಪಿಯ ಅಂಚನ್ನು ತೀಡುತ್ತಿದ್ದ. ಅವನು ಬಾಯಿಬಿಟ್ಟು ಕೇಳಿದ್ದರೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತೇನೋ. ಗಂಡ ಬಿಟ್ಟುಹೋದ ವರ್ಷ ಅವಳಿಗೆ ಈ ಕೆಲಸ ಕೊಡಿಸಿದವನು ಅವನು. ಅವಳ ಮಗಳಿಗೆ ಅಪೆಂಡಿಕ್ಸ್ ಆದಾಗ, ಹಿಮ ಬಿದ್ದು ಟ್ಯಾಕ್ಸಿಗಳು ನಿಂತುಹೋಗಿದ್ದಾಗ, ಚಕ್ರಕ್ಕೆ ಸರಪಳಿ ಸುತ್ತಿ ಖಾಲಿ ಬಸ್ಸಿನಲ್ಲಿ ಆ ಹುಡುಗಿಯನ್ನು ಇದೇ ಘಾಟಿ ದಾಟಿಸಿ ಆಸ್ಪತ್ರೆ ಮುಟ್ಟಿಸಿದವನು ಅವನು. ಕೆಲಸಕ್ಕೆ ಸೇರಿದ ದಿನದ ಔತಣದಲ್ಲಿ ಮೂವತ್ತು ಗಂಡಸರು ಅವಳ ಕೈಯನ್ನೇ ನೋಡುತ್ತಿದ್ದಾಗ ಅವಳು ಸೋಜು ಸಾರಾಯಿಯ ಲೋಟವನ್ನು ಒಂದೇ ಗುಟುಕಿಗೆ ಇಳಿಸಿ ಒಂದು ಹನಿಯೂ ಉಳಿದಿಲ್ಲವೆಂದು ನೆತ್ತಿಯ ಮೇಲೆ ಬೋರಲು ಹಾಕಿ ತೋರಿಸಿದ್ದಳು. "ಇವಳು ನಮ್ಮವಳು" ಎಂದು ಮೊದಲು ಚಪ್ಪಾಳೆ ತಟ್ಟಿದವನೂ ಅವನೇ.

ಅವಳು ಪ್ಯೋನ ನಂಬರ್ ಒತ್ತಿದಳು. ಕೊಳವೆ ಬದಲಿಸಿ ಊದಿದಳು. ಸೊನ್ನೆ.

"ಹುಷಾರು ಅಣ್ಣ," ಎಂದು ಕೀ ಕೊಟ್ಟಳು.

"ಕಣ್ಣು ಕಟ್ಟಿದ್ರೂ ಹೋಗ್ತೀನಿ ನಾನು," ಎಂದ ಪ್ಯೋ. ಹನ್ನೊಂದು ಜನರನ್ನು ಹತ್ತಿಸಿಕೊಂಡು ಬಸ್ಸು ಸರಿಯಾದ ಹೊತ್ತಿಗೆ ಹೊರಟಿತು.

ಅವಳ ಮೇಜಿನ ಕಂಪ್ಯೂಟರ್ ಪರದೆಯಲ್ಲಿ ಪ್ರತಿ ಬಸ್ಸೂ ಒಂದು ಹಸಿರು ಚುಕ್ಕೆ. ಬೇರೆ ದಿನ ಅವಳು ಅದನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಅಂದು ಕಣ್ಣು ಕೀಳಲಾಗಲಿಲ್ಲ. ಚುಕ್ಕೆ ಸೇತುವೆ ದಾಟಿತು. ಅಕ್ಕಿ ಗಿರಣಿಯ ಸ್ಟಾಪನ್ನು ಮೂರು ನಿಮಿಷ ಮೊದಲೇ ದಾಟಿತು. ಬಾಂಗ್ ಎದುರಿನ ಕುರ್ಚಿಯಲ್ಲಿ ಪತ್ರಿಕೆ ಬಿಡಿಸಿ ಕೂತಿದ್ದ.

ಎಂಟೂ ನಲವತ್ತಕ್ಕೆ ಫೋನು ಬಂತು. ಗಿರಣಿ ಸ್ಟಾಪಿನಲ್ಲಿದ್ದ ಯಾರೋ ಗಂಡಸು. "ಏನ್ರೀ ನಿಮ್ಮ ಬಸ್ಸು, ಕೈ ಅಡ್ಡ ಹಾಕಿದ್ರೂ ನಿಲ್ಲಿಸದೆ ಹೋಯ್ತು. ಡ್ರೈವರ್ ಈ ಕಡೆ ತಿರುಗಿ ಕೂಡ ನೋಡಲಿಲ್ಲ."

ಪ್ಯೋ ಎಂದೂ ಸ್ಟಾಪು ಬಿಟ್ಟವನಲ್ಲ. ಅವಳು ವೈರ್‌ಲೆಸ್ಸಿನಲ್ಲಿ ಎರಡು ಸಲ ಕರೆದಳು. ಆ ಕಡೆಯಿಂದ ಉತ್ತರವಿಲ್ಲ. ಸ್ವಿಚ್ಚು ಆರಿಸಿದ್ದ.

ಆ ಬಸ್ಸಿನಲ್ಲಿ ಮ್ಯಾಂಗ್ ಅಜ್ಜಿ ಇದ್ದಳು. ಸಂತೆಗೆ ಹೋದಾಗಲೆಲ್ಲ ಬಸ್ಸಿನಲ್ಲಿ ಏನಾದರೊಂದು ಮರೆತು ಇಳಿಯುವ ಅಜ್ಜಿಯ ನಂಬರ್ ಯಂಗ್‌ರಾನ್ ಬಳಿ ಇತ್ತು. ಅದಕ್ಕೆ ಫೋನು ಮಾಡಿದಳು.

"ಅಜ್ಜಿ, ಡಿಪೋದಿಂದ ಯಂಗ್‌ರಾನ್. ಬಸ್ಸು ಹೇಗೆ ಹೋಗ್ತಿದೆ?"

"ಹೇಗೆ ಹೋಗುತ್ತೆ, ಚಕ್ರದ ಮೇಲೇ ಹೋಗ್ತಿದೆ. ಡ್ರೈವರ್ ಇವತ್ತು ಬಲು ಖುಷಿಯಾಗಿದ್ದಾನೆ ಕಣೆ. ಹಾಡು ಹೇಳ್ತಿದ್ದಾನೆ."

"ನಿಮಗೇನೂ ವಾಸನೆ ಬರಲಿಲ್ವಾ?"

"ಬಂತು. ಅದಕ್ಕೇನೀಗ? ಮಗಳ ಮದುವೆ ಗೊತ್ತಾಗಿದೆಯಂತೆ, ಕುಡೀದೆ ಏನು ಮಾಡ್ತಾನೆ? ನಮ್ಮನೆಯವರು ಒಂದು ಬಾಟಲಿ ಏರಿಸಿ ಟಿಲ್ಲರ್ ಓಡಿಸ್ತಿದ್ರು. ನಲವತ್ತು ವರ್ಷ."

ಆ ಕಡೆ ಏನೋ ಕರ್ರನೆ ಉಜ್ಜಿದ ಸದ್ದು. ಹೆಂಗಸರು ಒಟ್ಟಿಗೆ ಕೂಗಿದರು.

"ಅಜ್ಜಿ? ಏನಾಯ್ತು ಅಜ್ಜಿ?"

"ಏನಿಲ್ಲ, ಏನಿಲ್ಲ. ರಸ್ತೆ ಪಕ್ಕದ ತಡೆಗೋಡೆ ತಗಡಿಗೆ ಸ್ವಲ್ಪ ತಗುಲ್ತು. ನನ್ನ ಸೊಪ್ಪೆಲ್ಲ ಚೆಲ್ಲಿಹೋಯ್ತು ನೋಡು."

"ಅಜ್ಜಿ, ಬೆಲ್ ಒತ್ತಿ. ನಿಲ್ಲಿಸೋಕೆ ಹೇಳಿ, ಎಲ್ಲರೂ ಇಳಿದುಬಿಡಿ."

"ಇಲ್ಲಿ ಇಳಿದು ಮಾಡೋದೇನು? ಒಳ್ಳೇ ಮನುಷ್ಯಂಗೆ ಅವಮಾನ ಮಾಡು ಅಂತೀಯಾ? ಹೋಗೆ," ಎಂದು ಅಜ್ಜಿ ಫೋನಿಟ್ಟಳು.

ಘಾಟಿಯ ಬುಡದಲ್ಲಿ ಸೊಂಗ್‌ಚನ್ ಎಂಬ ಹಳ್ಳಿ, ಅಲ್ಲೊಂದು ಪೊಲೀಸ್ ಚೌಕಿ. ಅದು ದಾಟಿದರೆ ಹದಿನೇಳು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಚುಕ್ಕೆ ಸೊಂಗ್‌ಚನ್‌ಗೆ ಆರು ನಿಮಿಷದ ದೂರದಲ್ಲಿತ್ತು.

ಅವಳು ರಿಸೀವರ್ ಎತ್ತಿದಳು. ಬಾಂಗ್ ಪತ್ರಿಕೆ ಮಡಚಿ ಎದ್ದು ಬಂದು ಫೋನಿನ ಗುಂಡಿಗಳ ಮೇಲೆ ಅಂಗೈ ಊರಿದ.

"ಯಾರಿಗೆ?"

"ಚೌಕಿಗೆ."

"ತಲೆ ಕೆಟ್ಟಿದೆಯಾ? ಅವನ ಲೈಸೆನ್ಸ್ ಹೋಗುತ್ತೆ. ಮದುವೆ ಮನೆ ಅದು. ಆಮೇಲೆ ಊದಿದ್ದು ಯಾರು ಅಂತ ಕೇಳ್ತಾರೆ. ನಾನು ಊದಿದ್ನಾ?"

"ನಾನೇ ಊದಿದ್ದು."

"ಗೊತ್ತಿದೆಯಲ್ಲ. ಹಾಗಿದ್ರೆ ಸುಮ್ಮನೆ ಕೂತ್ಕೋ. ಇನ್ನು ಅರ್ಧ ಗಂಟೆ. ಆ ಕಡೆ ತಲುಪಿದ ಮೇಲೆ ಮಲಗಿಸಿಬಿಡೋಣ ಅವನನ್ನ."

ಅವಳು ರಿಸೀವರ್ ಮೇಜಿನ ಮೇಲೆ ಬಿಟ್ಟಳು. ಬಾಂಗ್ ಕೈ ತೆಗೆಯಲಿಲ್ಲ. ಅವಳು ಎದ್ದು, ಯೂನಿಫಾರಮ್ಮಿನ ಜೇಬಿನಿಂದ ತನ್ನ ಮೊಬೈಲು ತೆಗೆದು, ಅವನ ಮುಖ ನೋಡುತ್ತಲೇ ಹಿಂದೆ ಹಿಂದೆ ನಡೆದು ಬಾಗಿಲಾಚೆ ಹೋದಳು. ಬಾಗಿಲನ್ನು ಬೆನ್ನಿನಿಂದ ಒತ್ತಿಹಿಡಿದು ನಿಂತಳು. ಚೌಕಿಗೆ ಫೋನು ಮಾಡಿದಳು.

"ಎಂಟೂ ಇಪ್ಪತ್ತರ ಘಾಟಿ ಬಸ್ಸನ್ನ ಸೊಂಗ್‌ಚನ್‌ನಲ್ಲಿ ನಿಲ್ಲಿಸಿ. ಡ್ರೈವರ್ ಕುಡಿದಿದ್ದಾರೆ. ಹೌದು, ನನಗೆ ಖಂಡಿತ ಗೊತ್ತು. ಅವರ ಬದಲು ಊದಿದವಳು ನಾನೇ."

ಮತ್ತೆ ಒಳಗೆ ಬಂದಾಗ ಬಾಂಗ್ ಪರದೆಯ ಮುಂದೆ ನಿಂತಿದ್ದ. ಚುಕ್ಕೆ ಸೊಂಗ್‌ಚನ್ ಮುಟ್ಟಿತು. ನಿಲ್ಲಲಿಲ್ಲ. ಹಳ್ಳಿಯ ಕೊನೆಯ ಮನೆ ದಾಟಿ ಮೊದಲ ತಿರುವಿನ ಬಾಯಿಗೆ ಬಂತು. ಅಲ್ಲಿ ನಿಂತಿತು. ಪರದೆ ಒಂದು ಸಲ ಮಿಟುಕಿ ಹೊಸದಾಯಿತು. ಚುಕ್ಕೆ ಅಲ್ಲೇ ಇತ್ತು. ಮತ್ತೆ ಮಿಟುಕಿತು, ಅಲ್ಲೇ.

ಪೊಲೀಸರು ಜೀಪು ಅಡ್ಡ ಹಾಕಿ ನಿಲ್ಲಿಸಿದ್ದರು. ಅವರ ಯಂತ್ರದಲ್ಲಿ ಸೊನ್ನೆ ಪಾಯಿಂಟ್ ಸೊನ್ನೆ ಆರು ಒಂದು ಬಂತು. ಮುದುಕಿಯರು ಕೆಳಗಿಳಿದು ಪೊಲೀಸರ ತೋಳು ಹಿಡಿದು ಬೇಡಿಕೊಂಡರಂತೆ: ಹೆಣ್ಣಿನ ತಂದೆ, ಒಂದು ಸಲ ಬಿಟ್ಟುಬಿಡಿ ಸಾಹೇಬ್ರೆ. ಪ್ಯೋ ಯಾರ ಜತೆಗೂ ಜಗಳವಾಡಲಿಲ್ಲ. ಕೀ ಕೊಟ್ಟು ಜೀಪಿನ ಹಿಂದಿನ ಸೀಟಿನಲ್ಲಿ ಕೂತ. ಸಂತೆಗೆ ಹೊತ್ತಾಯಿತೆಂದು ಮ್ಯಾಂಗ್ ಅಜ್ಜಿ ಫೋನು ಮಾಡಿ ಯಂಗ್‌ರಾನ್‌ಗೆ ಹತ್ತು ನಿಮಿಷ ಬೈದಳು.

ಪ್ಯೋನನ್ನು ಕೆಲಸದಿಂದ ತೆಗೆದರು. ಯಂಗ್‌ರಾನ್‌ಗೆ ಮೂರು ತಿಂಗಳ ಅಮಾನತು. ಬಾಂಗ್ ಹೇಳಿದ್ದು ಬರೀ ಮಾತು, ಮಾತು ಯಂತ್ರದಲ್ಲಿ ದಾಖಲಾಗುವುದಿಲ್ಲ. ಅವನಿಗೊಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಪ್ಯೋನ ಹೆಂಡತಿ ಸುನ್‌ಇಮ್ ಯಂಗ್‌ರಾನ್‌ಳ ಮನೆಗೆ ಬಂದಳು. ಚಪ್ಪಲಿ ಬಿಡಲಿಲ್ಲ. ಹೊಸ್ತಿಲಲ್ಲೇ ನಿಂತಳು.

"ಒಳಗೆ ಬನ್ನಿ ಅತ್ತಿಗೆ."

"ಬರಲ್ಲ. ಪೊಲೀಸರಿಗೆ ಯಾಕೆ ಹೇಳಿದೆ ಅಂತ ಕೇಳೋಕೆ ಬರಲಿಲ್ಲ ನಾನು. ಬಸ್ಸಲ್ಲಿ ಹನ್ನೊಂದು ಜನ ಇದ್ರು. ನನಗೂ ಬುದ್ಧಿ ಇದೆ. ನನಗೆ ನಿದ್ದೆ ಬರ್ತಿಲ್ಲ, ಯಾಕೆ ಅಂದ್ರೆ, ಅವರು ಮೊದಲು ಊದಿದಾಗಲೇ ನೀನು ಯಾಕೆ ಬರೀಲಿಲ್ಲ? ಆಗಲೇ ಬರೆದು ಕೀ ಕಿತ್ತುಕೊಂಡಿದ್ರೆ ಒಂದು ವಾರ ಮನೇಲಿರ್ತಿದ್ರು, ನಿನ್ನ ಬೈಕೊಂಡು. ಅಷ್ಟೇ ಆಗ್ತಿತ್ತು. ನೀನು ಉಪಕಾರ ಮಾಡೋಕೆ ಹೋದೆ."

ಯಂಗ್‌ರಾನ್ ಬಾಗಿಲ ಚೌಕಟ್ಟು ಹಿಡಿದಳು. ಅಣ್ಣನೂ ಬೇಡ ಅನ್ನಲಿಲ್ಲ, ಬಾಂಗ್ ಹೇಳಿದ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿದಳು.

"ತಪ್ಪಾಯ್ತು ಅತ್ತಿಗೆ. ಮದುವೆ?"

"ಮದುವೆಗೇನು, ನಡೆಯುತ್ತೆ. ಬೀಗರು ನಗ್ತಾರೆ. ಗಂಡಸರಿಗೆ ಇದೆಲ್ಲ ಆಗ್ತಿರುತ್ತೆ, ಬನ್ನಿ ಒಂದು ಲೋಟ ಹಾಕೋಣ ಅಂತಾರೆ."

"ಅಣ್ಣ ಹೋಗ್ತಾರಾ?"

ಸುನ್‌ಇಮ್ ಮೆಟ್ಟಿಲಿಳಿದು ಹೋದಳು.

ಅಮಾನತು ಮುಗಿಸಿ ಯಂಗ್‌ರಾನ್ ಡಿಪೋಗೆ ವಾಪಸು ಬಂದಾಗ ಔತಣಗಳಿಗೆ ಅವಳನ್ನು ಕರೆಯುವುದು ನಿಂತಿತ್ತು. ಅವಳು ಕೋಣೆಗೆ ಕಾಲಿಟ್ಟರೆ ಡ್ರೈವರುಗಳು ಮಾತು ಬದಲಿಸುತ್ತಿದ್ದರು. ಎರಡನೆಯ ವಾರದಲ್ಲಿ ದೋ ಎಂಬ ಡ್ರೈವರ್, ಅವಳಿಗಿಂತ ಚಿಕ್ಕವನು, ಯಂತ್ರದ ಮುಂದೆ ನಿಂತು ಕತ್ತು ತುರಿಸಿಕೊಂಡ.

"ಅಕ್ಕ, ಮೊದಲು ಸುಮ್ಮನೆ ಒಂದು ಸಲ ಊದಿ ನೋಡಲಾ?"

ಅವಳು ಅವನ ನಂಬರ್ ಒತ್ತಿ ಕೊಳವೆ ಮುಂದೆ ಹಿಡಿದಳು. ಸೊನ್ನೆ ಪಾಯಿಂಟ್ ಸೊನ್ನೆ ಮೂರು ಎಂಟು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಹಲ್ಲು ಕಚ್ಚಿ ಏನೋ ಅಂದ. ಅವಳು ಕೀಯನ್ನು ಮತ್ತೆ ಗೂಡಿನ ಮೊಳೆಗೆ ನೇತುಹಾಕಿ, ಟ್ರಿಪ್ ರದ್ದಾಯಿತೆಂದು ಜನಕ್ಕೆ ಹೇಳಲು ತಾನೇ ಅಂಗಳಕ್ಕೆ ಇಳಿದಳು.